ಹೇಗಿದೆ, ಹೇಳು

ಸಾಫಿಯ ಬಂದರಿಗೆ ಬೆನ್ನು ಮಾಡಿ ನಿಂತ ಶಿಶುಮನೆ ನಮ್ಮದು.
ಕಿಟಕಿ ತೆರೆದರೆ ಬೂತಾಯಿ ಮೀನಿನ ಗಾಳಿ,
ಮುಚ್ಚಿದರೆ ಹನ್ನೊಂದು ಮಕ್ಕಳ ಗಾಳಿ.

ಗುರುವಾರ ತಟ್ಟೆಗಳ ದಿನ.
ಹಳೆಯ ಮೇಜುಬಟ್ಟೆ ಹಾಸಿ ಸಾಲಾಗಿ ಇಡುತ್ತೇನೆ:
ಒಂದರಲ್ಲಿ ಒಣರವೆ,
ಒಂದರಲ್ಲಿ ಬೀಟ್‌ರೂಟಿನ ನೀರು ಕುಡಿದು ಕೆಂಪಾದ ಶಾವಿಗೆ,
ಒಂದರಲ್ಲಿ ಗಟ್ಟಿ ಮೊಸರು,
ಕೊನೆಯದರಲ್ಲಿ ಅಡ್ಡಡ್ಡ ಕೊಯ್ದ ಕಿತ್ತಳೆ.
ತಿನ್ನದಿದ್ದರೂ ಸರಿ ಎಂದು ತರಬೇತಿಯಲ್ಲಿ ಹೇಳಿದ್ದಾರೆ:
ಮೊದಲು ಕಣ್ಣು ತಿನ್ನಲಿ, ಆಮೇಲೆ ಬೆರಳು,
ಬಾಯಿಯ ಸರದಿ ಬಂದಾಗ ಬರುತ್ತದೆ.

ಝೂಹ ಶಾವಿಗೆಯನ್ನು ತಲೆಗೆ ಹೊದ್ದು ಮದುಮಗಳಾಗುತ್ತಾಳೆ.
ಅವಳಿಗಳಾದ ಮರ್ವಾನ್, ಸಫ್ವಾನ್
ಮೊಸರಿಗೆ ಮೊಣಕೈವರೆಗೆ ಇಳಿದು
ಪಚಕ್ ಪಚಕ್ ಎನಿಸಿ
ಒಬ್ಬರ ಕೆನ್ನೆಗೊಬ್ಬರು ಸುಣ್ಣ ಬಳಿಯುತ್ತಾರೆ.
ಕೈ ಕೆಸರಾದರೆ ಬಾಯಿ ಮೊಸರಂತೆ;
ಕೈಯೇ ಮೊಸರಾದರೆ
ಬಾಯಿ ಏನಾಗಬೇಕೆಂದು ಯಾರೂ ಹೇಳಿಲ್ಲ.

ಅನೀರ್ ಮಾತ್ರ ಬರುವುದಿಲ್ಲ.
ಎರಡು ವರ್ಷ ನಾಲ್ಕು ತಿಂಗಳು.
ಬಾಗಿಲ ಮೂಲೆಯಲ್ಲಿ ಮುಷ್ಟಿ ಬಿಗಿದು ಕೂತವನು
ಒಂದು ಹನಿ ತಾಕಿದರೂ
ಕೆಂಡ ಬಿದ್ದಂತೆ ಕೈ ಕೊಡವುತ್ತಾನೆ.
ರೊಟ್ಟಿಯ ಗರಿ ಅಂಚು ತಿನ್ನುತ್ತಾನೆ, ಒಳಗಿನ ಮೆತ್ತಗಿನದನ್ನು
ಚೂರುಚೂರಾಗಿ ಗೋಡೆಯ ಬುಡಕ್ಕೆ ಸರಿಸುತ್ತಾನೆ.
ಚಮಚ ಕೊಟ್ಟೆ. ಕುಂಚ ಕೊಟ್ಟೆ.
ಆಟದ ಲಾರಿಗೆ ರವೆ ತುಂಬಿ ಅವನ ಕಡೆ ಓಡಿಸಿದೆ.
ಕಾಲಿನಿಂದ ವಾಪಸು ಕಳಿಸಿದ.
ಐದು ಗುರುವಾರ, ನನ್ನ ಚೀಟಿಯಲ್ಲಿ ಅವನ ಹೆಸರಿನೆದುರು
ಒಂದೇ ಗೀಟು.

ಆರನೆಯ ಗುರುವಾರ ತಾಮೂ ಪೊರಕೆ ಬಿಟ್ಟು ನೆಲಕ್ಕೆ ಕೂತಳು.
ಕೂರುವುದು ಅವಳ ಕೆಲಸವಲ್ಲ, ಗುಡಿಸುವುದು.
ಅದಕ್ಕೂ ಮೊದಲು ಇಪ್ಪತ್ತಾರು ವರ್ಷ ಡಬ್ಬಿ ಕಾರ್ಖಾನೆಯಲ್ಲಿ
ಮಂಜುಗಡ್ಡೆಯಿಂದ ಮೀನೆತ್ತಿ ತಲೆ ಕಿತ್ತು, ತಲೆ ಕಿತ್ತು
ಬೆರಳ ತುದಿ ಹತ್ತೂ ಸತ್ತವು.
ಬಿಸಿ ಚಹಾ ಹಿಡಿಯುವ ಮೊದಲು ತುಟಿಯನ್ನು ಕೇಳುತ್ತಾಳೆ.

ಅಗಲ ಮಣ್ಣಿನ ಪರಾತ ಎಳೆದುಕೊಂಡು
ರವೆ ಸುರಿದು, ಉಪ್ಪುನೀರು ಚಿಮುಕಿಸಿ,
ಅಂಗೈ ಚಪ್ಪಟೆ ಮಾಡಿ ಸುತ್ತಿಸತೊಡಗಿದಳು.
ನಾಳೆ ಶುಕ್ರವಾರ, ಕುಸ್ಕುಸ್ ಆಗಬೇಕು.
ಕೈಗೆ ಅಭ್ಯಾಸ ಉಂಟು, ಸುದ್ದಿ ಇಲ್ಲ:
ಕಾಳುಕಟ್ಟಿತೋ, ಮುದ್ದೆಯಾಯಿತೋ, ಇನ್ನೂ ಪುಡಿಯೋ.

ಯಾರನ್ನೂ ನೋಡದೆ ಕೇಳಿದಳು:
"ನನ್ನ ಬೆರಳು ಕಿವುಡು. ಹೇಗಿದೆ, ಹೇಳು."

ನಾನು ಬಾಯಿ ತೆರೆದೆ. ಕೇಳಿದ್ದು ನನ್ನನ್ನಲ್ಲ.

ಮೂಲೆಯಿಂದ ಅವನು ಕೂತಲ್ಲೇ ತೆವಳುತ್ತ ಬಂದ.
ಮೊದಲು ಅವಳ ಬೆರಳನ್ನೇ ಮುಟ್ಟಿ ನೋಡಿದ:
ಬಿರುಕು, ಉಗುರು, ಗಂಟು.
ಒತ್ತಿದ. ನಿಜವಾಗಿ ಕಿವುಡೇ ಎಂದು ಇನ್ನೊಮ್ಮೆ ಒತ್ತಿದ.
ಆಮೇಲೆ ಮುಷ್ಟಿಯಿಂದ ಒಂದು ಬೆರಳು,
ಬಸವನಹುಳುವಿನ ಕೊಂಬಿನಂತೆ, ಹೊರಬಂದು
ರವೆಗೆ ತಾಗಿ ಸರಕ್ಕನೆ ಒಳಹೋಯಿತು.
ಮತ್ತೆ ಬಂತು.

"ತಿರಿರಿ" ಅಂದ.

"ತಿರಿರಿಯೇ? ಹಾಗಾದರೆ ನೀರು ಸಾಲದು."
ತಾಮೂ ಇನ್ನಷ್ಟು ಚಿಮುಕಿಸಿದಳು. "ಈಗ?"
ಬಹಳ ಹೊತ್ತು ಯೋಚಿಸಿದ. ಹಣೆ ಗಂಟಾಯಿತು.
"ಮ್ಮುಬು."
"ಅಯ್ಯೋ, ಹೆಚ್ಚಾಯಿತು!" ಒಂದು ಹಿಡಿ ಒಣರವೆ. "ಈಗ?"

ಊಟದ ಗಂಟೆಯವರೆಗೆ
ಯಾವ ನಿಘಂಟಿಗೂ ಸೇರದ ನುಡಿಯಲ್ಲಿ
ಅವನು ಹೇಳಿದ, ಅವಳು ತಿದ್ದಿದಳು.
ಮೊಸರನ್ನು ಅಂದೂ ಮುಟ್ಟಲಿಲ್ಲ.
ಕಿತ್ತಳೆಯ ಕಡೆ ನೋಡಲೂ ಇಲ್ಲ.
ಚೀಟಿಯಲ್ಲಿ 'ತಿರಿರಿ' ಎಂದು ಬರೆದು
ಮುಂದೇನೂ ತೋಚದೆ ಬಿಟ್ಟೆ.

ಸಂಜೆ ಮೋರಿ ಕಟ್ಟಿತ್ತು.
ತಾಮೂ ನಮ್ಮೆಲ್ಲರನ್ನೂ ಬೈಯುತ್ತ ಕಡ್ಡಿ ಆಡಿಸುತ್ತಿದ್ದಳು.
ಅನೀರ್‌ಗೆ ಕೋಟು ತೊಡಿಸುವಾಗ ಬಲಗೈ ತೋಳಿಗೆ ತೂರಲಿಲ್ಲ.
"ಮುಷ್ಟಿ ಬಿಡು" ಎಂದಳು ಅವನ ಅಮ್ಮ. ಬಿಡಲಿಲ್ಲ.
ಒಂದು ತೋಳು ಖಾಲಿ ಜೋಲುತ್ತಿರುವಂತೆಯೇ ಕರೆದೊಯ್ದಳು.

ಕಿಟಕಿಯಿಂದ ನೋಡಿದೆ.
ಬೆರಳ ಸಂದಿನಿಂದ
ಹೆಜ್ಜೆಗೊಂದು ಎರಡು ಹಳದಿ ಕಾಳು ಉದುರುತ್ತಿತ್ತು;
ಅವನು ಅಮ್ಮನ ಕೈ ಜಗ್ಗಿ ನಿಲ್ಲಿಸಿ,
ಬಗ್ಗಿ,
ಹೆಕ್ಕುತ್ತಿದ್ದ.